ಖಾಲಿ ಜಾಗ ಅಳೆಯಲು ಹೊರಟವರಿಗೆ

ಯಂತ್ರದ ಹತ್ತಿರ ಆಮೇಲೆ ಹೋಗುವೆಯಂತೆ ಮಗೂ, ಮೊದಲು ಇಲ್ಲಿ ಕೂತುಕೋ. ನಿನ್ನ ಕಣ್ಣು ಆಗಲೇ ಆ ಕಂಪ್ಯೂಟರ್ ಪರದೆಯ ಮೇಲಿದೆ. ಇವತ್ತು ಸ್ಯಾಂಪಲ್ ಇಟ್ಟರೆ ನಾಳೆ ಗ್ರಾಫ್, ನಾಡಿದ್ದು ಪೇಪರ್ ಅಂತ ಲೆಕ್ಕ ಹಾಕಿಕೊಂಡೇ ಬಂದಿದ್ದೀಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ. ನಿನಗೆ ತಲೆ ಇದೆ, ಕೈಯೂ ಚುರುಕು. ತಾಳ್ಮೆ ಒಂದು ಕಡಿಮೆ. ಅದನ್ನು ಕಲಿಸುವುದಕ್ಕೆ ಈ ಪಾಸಿಟ್ರಾನ್ ಕೆಲಸಕ್ಕಿಂತ ಒಳ್ಳೆಯ ಮೇಷ್ಟರು ಸಿಗಲಾರರು.

ನೀನು ಅಳೆಯಲು ಹೊರಟಿರುವುದು ಏನನ್ನು ಅಂತ ಮೊದಲು ನಿನಗೇ ಸ್ಪಷ್ಟವಾಗಲಿ. ಪಾಲಿಮರ್ ಅಂದರೆ ಉದ್ದುದ್ದ ಅಣು ಸರಪಳಿಗಳ ಗೋಜಲು. ಆ ಸರಪಳಿಗಳ ನಡುವೆ ಅಲ್ಲಲ್ಲಿ ಅಡ್ಡಕೊಂಡಿ ಹಾಕಿದರೆ ಅದು ಕ್ರಾಸ್‌ಲಿಂಕ್ ಆದ ಪಾಲಿಮರ್. ಟೈರಿನ ರಬ್ಬರ್ ಅಂಥದ್ದು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದಾಗ ಆದದ್ದು ಇದೇ. ಮನೆಯಲ್ಲಿ ಒಡೆದ ಪಿಂಗಾಣಿ ಅಂಟಿಸುವ ಅರಾಲ್ಡೈಟ್ ಕೂಡ ಅದೇ ಬಗೆ: ಒಂದು ಟ್ಯೂಬಿನಲ್ಲಿ ಎಪಾಕ್ಸಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್. ಗಟ್ಟಿಯಾದ ಮೇಲೆ ಉಗುರು ಊರದಷ್ಟು ಗಟ್ಟಿ. ಆದರೂ ಒಳಗೆ ಸರಪಳಿಗಳು ಸಂದಿಲ್ಲದೆ ಕೂತಿರುವುದಿಲ್ಲ. ಸೇರು ತುಂಬ ಕಡಲೆ ಅಳೆದ ಮೇಲೂ ಅದೇ ಸೇರಿನಲ್ಲಿ ಒಂದು ಹಿಡಿ ಸಕ್ಕರೆ ಇಳಿಯುತ್ತಲ್ಲ, ಅಂಥ ಸಂದು ಅಲ್ಲಿ ಉಳಿದಿರುತ್ತೆ. ಅದನ್ನೇ ಫ್ರೀ ವಾಲ್ಯೂಮ್ ಅನ್ನುವುದು. ಒಂದೊಂದು ತೂತಿನ ತ್ರಿಜ್ಯ ಹೆಚ್ಚುಕಡಿಮೆ ನ್ಯಾನೋಮೀಟರಿನ ಕಾಲು ಭಾಗದಿಂದ ಮೂರನೇ ಒಂದು ಭಾಗ. ಟೈರಿನೊಳಗಿನ ಟ್ಯೂಬಿನಿಂದ ಗಾಳಿ ಸೋರುವುದು, ಎಪಾಕ್ಸಿ ನೀರು ಹೀರುವುದು, ಇಟ್ಟಲ್ಲೇ ಇಟ್ಟ ಪ್ಲಾಸ್ಟಿಕ್ ವರ್ಷ ಕಳೆದಂತೆ ಪೆಡಸಾಗುವುದು, ಎಲ್ಲದರ ಹಿಂದೆಯೂ ಈ ತೂತುಗಳ ಕೈವಾಡವಿದೆ.

ಇಷ್ಟು ಚಿಕ್ಕ ಜಾಗಕ್ಕೆ ಯಾವ ಅಳತೆಗೋಲು ಇಳಿಸುತ್ತೀಯ? ಸಾಂದ್ರತೆ ಅಳೆದರೆ ಒಟ್ಟು ಲೆಕ್ಕ ಸಿಗುತ್ತೆ, ಒಂದೊಂದು ತೂತಿನ ಗಾತ್ರ ಸಿಗುವುದಿಲ್ಲ. ಅದಕ್ಕೇ ಪಾಸಿಟ್ರಾನನ್ನು ಕಳಿಸುವುದು. 1932ರಲ್ಲಿ ಕಾರ್ಲ್ ಆ್ಯಂಡರ್ಸನ್ ಕಂಡುಹಿಡಿದ ಕಣ ಅದು. ತೂಕದಲ್ಲಿ ಎಲೆಕ್ಟ್ರಾನಿನಷ್ಟೇ, ಚಾರ್ಜ್ ಮಾತ್ರ ಧನ. ಸೋಡಿಯಂ-22 ಅದನ್ನು ಹೊರಹಾಕುತ್ತೆ. ಬೆನ್ನಿಗೇ 1.27 ಎಂಇವಿ ಶಕ್ತಿಯ ಗಾಮಾ ಕಿರಣ ಹೊರಡುತ್ತೆ. ಪಾಸಿಟ್ರಾನ್ ಹುಟ್ಟಿತು ಅನ್ನುವುದಕ್ಕೆ ಅದೇ ಗುರುತು. ಆಮೇಲೆ ಅದು ಯಾವುದೋ ಎಲೆಕ್ಟ್ರಾನಿಗೆ ಸಿಕ್ಕಿ ಇಬ್ಬರೂ ಅಳಿದಾಗ 511 ಕೆಇವಿ ಗಾಮಾ ಬರುತ್ತೆ. ಒಂದು ಡಿಟೆಕ್ಟರ್ ಹುಟ್ಟು ಹಿಡಿಯುತ್ತೆ, ಇನ್ನೊಂದು ಸಾವು ಹಿಡಿಯುತ್ತೆ. ನಡುವಿನ ಹೊತ್ತೇ ಆಯುಸ್ಸು.

ಕೆಲವು ಪಾಸಿಟ್ರಾನ್‌ಗಳು ಅಳಿಯುವ ಮುಂಚೆ ಒಂದು ಎಲೆಕ್ಟ್ರಾನನ್ನು ಜೊತೆಗೆ ಕಟ್ಟಿಕೊಂಡು ಪಾಸಿಟ್ರೋನಿಯಂ ಆಗುತ್ತವೆ. 1951ರಲ್ಲಿ ಎಂಐಟಿಯ ಮಾರ್ಟಿನ್ ಡಾಯ್ಚ್ ಅದನ್ನು ಪ್ರಯೋಗದಲ್ಲಿ ತೋರಿಸಿದರು. ಎರಡರ ಸ್ಪಿನ್ ಒಂದೇ ಕಡೆಗಿದ್ದರೆ ಆರ್ಥೋ, ಎದುರುಬದುರಾಗಿದ್ದರೆ ಪ್ಯಾರಾ. ಪ್ಯಾರಾ ಒಂದು ಹುಟ್ಟುವ ಕಡೆ ಆರ್ಥೋ ಮೂರು ಹುಟ್ಟುತ್ತೆ. ನಿನಗೆ ಬೇಕಾದದ್ದು ಆರ್ಥೋ. ನಿರ್ವಾತದಲ್ಲಿ ಬಿಟ್ಟರೆ ಅದು ಸರಾಸರಿ 142 ನ್ಯಾನೋಸೆಕೆಂಡ್ ಬಾಳುತ್ತೆ. ಪಾಲಿಮರಿನೊಳಗೆ ಅದು ತೂತು ಹುಡುಕಿಕೊಂಡು ಕೂರುತ್ತೆ. ಅಲ್ಲಿ ಗೋಡೆಯ ಎಲೆಕ್ಟ್ರಾನ್ ಒಂದು ಅದರ ಪಾಸಿಟ್ರಾನನ್ನು ಸೆಳೆದುಕೊಂಡು ಮುಗಿಸಿಬಿಡುತ್ತೆ. ಹಾಗಾಗಿ ಆಯುಸ್ಸು ಒಂದರಿಂದ ಐದು ನ್ಯಾನೋಸೆಕೆಂಡಿಗೆ ಇಳಿಯುತ್ತೆ. ತೂತು ದೊಡ್ಡದಾದಷ್ಟೂ ಗೋಡೆ ದೂರ, ಆಯುಸ್ಸು ಹೆಚ್ಚು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಹೋಗುವುದೇ 30 ಸೆಂಟಿಮೀಟರ್, ನಿನ್ನ ಸ್ಕೂಲಿನ ಸ್ಕೇಲಿನಷ್ಟು ದೂರ. ಅಷ್ಟು ಕಿರಿದಾದ ಹೊತ್ತನ್ನು ಇನ್ನೂ ಚೂರು ಮಾಡಿ ನೀನು ಅಳೆಯಬೇಕು.

ಈಗ ಹೇಳುವುದನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೋ. ಯಂತ್ರ ಅಳೆದದ್ದು ಆಯುಸ್ಸನ್ನು. ತೂತಿನ ಗಾತ್ರ ಅಂತ ನೀನು ಬರೆಯುವುದು ನಿನ್ನ ತೀರ್ಮಾನ. ಎರಡರ ನಡುವೆ ಬೇಕಾದಷ್ಟು ಮೆಟ್ಟಿಲುಗಳಿವೆ. ನೀನೋ ಮೂರು ಮೂರು ಮೆಟ್ಟಿಲು ಒಟ್ಟಿಗೆ ಹಾರಲು ನೋಡುತ್ತೀಯ.

ಸ್ಯಾಂಪಲ್ಲಿನಿಂದ ಶುರು ಮಾಡೋಣ. ಎಪಾಕ್ಸಿ ಮಾಡುವುದು ಅಂದರೆ ಕಲಸಿ ಹುಯ್ದು ಎದ್ದು ಹೋಗುವ ಕೆಲಸವಲ್ಲ. ಎಪಾಕ್ಸಿ ಗುಂಪು ಒಂದಕ್ಕೆ ಹಾರ್ಡನರಿನ ಅಮೀನ್ ಹೈಡ್ರೋಜನ್ ಒಂದು, ಇದು ಲೆಕ್ಕ. ತಕ್ಕಡಿಯ ಮೇಲೆ ತೂಗಿ ಹಾಕು, ಕಣ್ಣಂದಾಜು ಬೇಡ. ಹಾರ್ಡನರ್ ಹೆಚ್ಚಾದರೆ ಕೊಂಡಿ ಹಾಕಲು ಜಾಗ ಸಿಗದ ತುದಿಗಳು ಒಳಗೇ ಜೋತಾಡುತ್ತವೆ. ಅಂಥ ಸರಪಳಿ ಬಲೆಯನ್ನು ಅಳೆದು ಇನ್ಯಾವುದೋ ಬಲೆಯ ಹೆಸರು ಕೊಡುತ್ತೀಯ. ನಿಧಾನವಾಗಿ ಕಲಸು. ಬಿರುಸಾಗಿ ತಿರುವಿದರೆ ಗಾಳಿ ಸೇರಿಕೊಳ್ಳುತ್ತೆ. ಆಮೇಲೆ ಲೋಟವನ್ನು ವ್ಯಾಕ್ಯೂಂ ಡೆಸಿಕೇಟರಿನೊಳಗಿಟ್ಟು ಪಂಪ್ ಹಾಕು. ಮೊದಲು ಏನೂ ಆಗದ ಹಾಗೆ ಕಾಣುತ್ತೆ. ಆಮೇಲೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ, ನೋಡನೋಡುತ್ತಿದ್ದಂತೆ ಬೆಳ್ಳಗೆ ನೊರೆ ಎದ್ದು ಲೋಟದ ಕಂಠಕ್ಕೆ ಬಂದುಬಿಡುತ್ತೆ. ಆ ಹೊತ್ತಿಗೆ ನಿನ್ನ ಕೈ ಕವಾಟದ ಮೇಲೇ ಇರಬೇಕು, ಫೋನಿನ ಮೇಲಲ್ಲ. ಚೂರು ಬಿಚ್ಚಿ ಗಾಳಿ ಒಳಗೆ ಬಿಟ್ಟರೆ ನೊರೆ ಕುಸಿಯುತ್ತೆ. ಮುಚ್ಚಿ ಮತ್ತೆ ಎಳೆ. ರೆಸಿನ್ ತಿಳಿಯಾಗಿ ತಳ ಕಾಣುವವರೆಗೆ ಹೀಗೇ ನಡೆಸು. ಆದರೆ ಹಾರ್ಡನರ್ ಬಿದ್ದಾಗಿದೆ, ಗಡಿಯಾರ ಓಡುತ್ತಿದೆ ಅನ್ನುವುದೂ ನೆನಪಿರಲಿ. ಇಷ್ಟೆಲ್ಲ ಮಾಡಿಯೂ ಒಂದು ಗುಳ್ಳೆ ಉಳಿದರೆ ಅದನ್ನೇ ಫ್ರೀ ವಾಲ್ಯೂಮ್ ಅಂದುಕೊಳ್ಳಬೇಡ. ಮಿಲಿಮೀಟರಿನ ಹತ್ತನೇ ಒಂದು ಭಾಗ ಅಗಲದ ಗುಳ್ಳೆ ಕೂಡ ನೀನು ಹುಡುಕುವ ತೂತಿಗಿಂತ ಅಗಲದಲ್ಲಿ ಎರಡು ಲಕ್ಷ ಪಟ್ಟು ದೊಡ್ಡದು.

ಗಟ್ಟಿಯಾಗಲು ಓವನ್ನಿನಲ್ಲಿ ಎಷ್ಟು ಡಿಗ್ರಿಗೆ ಎಷ್ಟು ಹೊತ್ತು ಇಟ್ಟೆ, ಆಮೇಲೆ ಹೇಗೆ ತಣಿಸಿದೆ ಅನ್ನುವುದನ್ನು ಅಲ್ಲೇ ಆಗಲೇ ಬರೆದಿಡು. ಸ್ವಿಚ್ ಆರಿಸಿ ಓವನ್ನಿನೊಳಗೇ ರಾತ್ರಿಯೆಲ್ಲ ಬಿಟ್ಟ ತುಂಡು, ಬಿಸಿ ಇರುವಾಗಲೇ ಹೊರಗೆ ತೆಗೆದ ತುಂಡು, ಇವೆರಡೂ ಒಂದೇ ಲೋಟದಿಂದ ಬಂದಿದ್ದರೂ ಒಳಗಿನ ಖಾಲಿ ಜಾಗ ಒಂದೇ ಅಲ್ಲ. ಬೇಗ ತಣಿದದ್ದರಲ್ಲಿ ಹೆಚ್ಚು ಜಾಗ ಹೆಪ್ಪುಗಟ್ಟಿ ನಿಂತಿರುತ್ತೆ. ಮಳೆಗಾಲದಲ್ಲಿ ತುಂಡನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡ. ನೀರು ಒಳಗೆ ಹೋಗಿ ಕೆಲವು ಸಂದುಗಳನ್ನು ತುಂಬುತ್ತೆ, ಜೊತೆಗೆ ಸರಪಳಿಗಳನ್ನು ಸಡಿಲವೂ ಮಾಡುತ್ತೆ. ಎರಡೂ ಒಂದಕ್ಕೊಂದು ಎದುರು ಎಳೆಯುವ ಕೆಲಸ. ಬಂದ ಸಂಖ್ಯೆಗೆ ಯಾವುದು ಕಾರಣ ಅಂತ ಆಮೇಲೆ ಬಿಡಿಸಲು ಹೋದರೆ ತಲೆ ಕೆಡುತ್ತೆ. ಡೆಸಿಕೇಟರಿನ ಸಿಲಿಕಾ ಜೆಲ್ ನೀಲಿ ಹೋಗಿ ಗುಲಾಬಿಯಾಗಿದ್ದರೆ ಅದನ್ನು ಹುರಿದು ಮತ್ತೆ ನೀಲಿ ಮಾಡಿಕೊಂಡೇ ತುಂಡು ಇಡು. ಇದೆಲ್ಲ ಚಿಲ್ಲರೆ ಕೆಲಸ ಅನ್ನಿಸುತ್ತಿದೆ, ಅಲ್ಲವೇ? ನಿನ್ನ ಮುಖದಲ್ಲೇ ಬರೆದಿದೆ.

ಇನ್ನು ಸೋರ್ಸ್. ಸೋಡಿಯಂ-22 ಇರುವ ಉಪ್ಪಿನ ದ್ರಾವಣವನ್ನು ಒಂದು ತೊಟ್ಟು ಕ್ಯಾಪ್ಟಾನ್ ಅನ್ನುವ ಪ್ಲಾಸ್ಟಿಕ್ಕಿನ ತೆಳು ಹಾಳೆಯ ಮೇಲೆ ಒಣಗಿಸಿ, ಮೇಲೊಂದು ಹಾಳೆ ಮುಚ್ಚಿ ಅಂಟಿಸಿರುತ್ತಾರೆ. ಅದರ ಎರಡೂ ಬದಿಗೆ ನಿನ್ನ ತುಂಡುಗಳು, ಒಂದೇ ಎರಕದಿಂದ ಕೊಯ್ದವು, ಒಂದೋ ಎರಡೋ ಮಿಲಿಮೀಟರ್ ದಪ್ಪ. ಅದಕ್ಕಿಂತ ತೆಳುವಾದರೆ ಕೆಲವು ಪಾಸಿಟ್ರಾನ್‌ಗಳು ಆಚೆ ತೂರಿಹೋಗಿ ಬೇರೆಲ್ಲೋ ಅಳಿಯುತ್ತವೆ, ಆ ಲೆಕ್ಕವೂ ನಿನ್ನ ತಲೆಗೇ ಬರುತ್ತೆ. ಕ್ಯಾಪ್ಟಾನ್ ಏಕೆ ಅಂತ ಕೇಳು, ಕೇಳದೆ ಬಿಡಬೇಡ: ಅದರಲ್ಲಿ ಪಾಸಿಟ್ರೋನಿಯಂ ಹುಟ್ಟುವುದಿಲ್ಲ, 382 ಪಿಕೋಸೆಕೆಂಡಿನ ಒಂದೇ ಆಯುಸ್ಸು ಕಾಣುತ್ತೆ, ಕಳೆಯುವುದು ಸುಲಭ. ಮೈಗೆ ತಾಗಿದ ವಿಕಿರಣದ ಲೆಕ್ಕ ಇಡುವ ಟಿಎಲ್‌ಡಿ ಬ್ಯಾಡ್ಜ್ ಎದೆಯ ಮೇಲಿರಲಿ, ಡ್ರಾಯರಿನಲ್ಲಲ್ಲ. ಸೋರ್ಸನ್ನು ಚಿಮಟದಿಂದ ಅಂಚಿನಲ್ಲೇ ಹಿಡಿ. ಆ ಹಾಳೆ ಕೂದಲಿಗಿಂತ ತೆಳು. ಹರಿದರೆ ಇಡೀ ರೂಮನ್ನು ಒರೆಸಿ ಎಣಿಸುವ ಕೆಲಸ ಬೀಳುತ್ತೆ.

ಸೋರ್ಸ್ ಜೋರಾಗಿದ್ದರೆ ಬೇಗ ಮುಗಿಯುತ್ತಲ್ಲ ಅಂತ ನಿನ್ನ ಮನಸ್ಸಿನಲ್ಲಿ ಬಂದೇ ಬರುತ್ತೆ. ಲೆಕ್ಕ ಹಾಕಿ ನೋಡು. ಹತ್ತು ಮೈಕ್ರೋಕ್ಯೂರಿ ಅಂದರೆ ಸೆಕೆಂಡಿಗೆ 3,70,000 ಕ್ಷಯ. ಒಂದಕ್ಕೂ ಇನ್ನೊಂದಕ್ಕೂ ಸರಾಸರಿ 2.7 ಮೈಕ್ರೋಸೆಕೆಂಡ್ ಬಿಡುವು. ಆಯುಸ್ಸು ಬರೀ ನ್ಯಾನೋಸೆಕೆಂಡುಗಳು. ಹಾಗಾಗಿ ನಿನ್ನ ತುಂಡಿನೊಳಗೆ ಒಂದು ಹೊತ್ತಿಗೆ ಇದ್ದರೆ ಒಂದು ಪಾಸಿಟ್ರಾನ್, ಬಹುಪಾಲು ಹೊತ್ತು ಅದೂ ಇಲ್ಲ. ಈ ಬಿಡುವು ಇರುವುದರಿಂದಲೇ ಯಾರ ಹುಟ್ಟಿಗೆ ಯಾರ ಸಾವು ಅನ್ನುವ ಗೊಂದಲ ಬರುವುದಿಲ್ಲ. ಸೋರ್ಸನ್ನು ಹತ್ತು ಪಟ್ಟು ಜೋರು ಮಾಡಿದರೆ ಒಬ್ಬನ ಹುಟ್ಟಿಗೆ ಇನ್ನೊಬ್ಬನ ಸಾವು ತಳುಕು ಹಾಕಿಕೊಂಡು ಹಿನ್ನೆಲೆ ಏರಿಬಿಡುತ್ತೆ. ನಿನಗೆ ಬೇಕಾದ ಉದ್ದ ಆಯುಸ್ಸಿನ ಬಾಲ ಆ ಹಿನ್ನೆಲೆಯಲ್ಲೇ ಮುಳುಗುತ್ತೆ. ಆದ್ದರಿಂದ ಹತ್ತು ಲಕ್ಷ ಎಣಿಕೆ ಆಗುವವರೆಗೆ ಕಾಯಿ. ಗಂಟೆಗಟ್ಟಲೆ ಆಗುತ್ತೆ, ಆಗಲಿ.

ಕಾಯುವುದು ಅಂದರೆ ಬಾಗಿಲು ಹಾಕಿಕೊಂಡು ಮನೆಗೆ ಹೋಗುವುದಲ್ಲ. ಡಿಟೆಕ್ಟರಿನೊಳಗಿನ ಫೋಟೊಮಲ್ಟಿಪ್ಲೈಯರಿನ ಸಂಕೇತ ರೂಮಿನ ಬಿಸಿಗೆ ತಕ್ಕಂತೆ ಜರುಗುತ್ತೆ. ರಾತ್ರಿ ಎಸಿ ಆರಿಸಿದವರು ಯಾರೋ, ಬೆಳಗ್ಗೆ ನಿನ್ನ ಗ್ರಾಫಿನ ಪೀಕ್ ಎರಡು ಚಾನೆಲ್ ಆಚೆಗೆ. ಇಡೀ ರಾತ್ರಿಯ ಎಣಿಕೆಯನ್ನು ಒಂದೇ ಫೈಲಿಗೆ ತುಂಬಬೇಡ. ಸಣ್ಣ ಸಣ್ಣ ಕಂತಿನಲ್ಲಿ ಉಳಿಸು, ಪೀಕ್ ಜರುಗಿಲ್ಲ ಅಂತ ಕಂಡ ಮೇಲೆ ಕೂಡಿಸು. ಕೇಬಲ್ಲುಗಳನ್ನು ಅಲ್ಲಿಂದಿಲ್ಲಿಗೆ ಎಳೆದಾಡಬೇಡ. 20 ಸೆಂಟಿಮೀಟರ್ ಕೇಬಲ್ ಹೆಚ್ಚಾದರೆ ಒಂದು ನ್ಯಾನೋಸೆಕೆಂಡ್ ತಡವಾಗುತ್ತೆ. ಇದನ್ನು ಪುಸ್ತಕದಲ್ಲಿ ಓದಿದ್ದೀಯ, ಗೊತ್ತು. ಒಂದು ಸಲ ನೀನೇ ಉದ್ದದ ಕೇಬಲ್ ಹಾಕಿ ಪೀಕ್ ಪಕ್ಕಕ್ಕೆ ಸರಿಯುವುದನ್ನು ಕಣ್ಣಾರೆ ನೋಡು. ಆಮೇಲೆ ಕೇಬಲ್ಲು ಸಿಕ್ಕಿಸಿದ ಆ ಪೆಟ್ಟಿಗೆಗಳನ್ನು ಮುಟ್ಟುವ ರೀತಿಯೇ ಬೇರೆಯಾಗುತ್ತೆ.

ಎಣಿಕೆಯ ಗ್ರಾಫಿನಿಂದ ಆಯುಸ್ಸುಗಳನ್ನು ಬಿಡಿಸಲು ಫಿಟ್ ಮಾಡುವಾಗ ನಿನ್ನ ಆತುರ ಇನ್ನೂ ಜಾಸ್ತಿ. ಪ್ರೋಗ್ರಾಂಗೆ ಮೂರು ಆಯುಸ್ಸು ಕೇಳಿದರೆ ಮೂರು ಕೊಡುತ್ತೆ, ನಾಲ್ಕು ಕೇಳಿದರೆ ನಾಲ್ಕು. ಇಲ್ಲ ಅನ್ನುವ ಅಭ್ಯಾಸ ಅದಕ್ಕಿಲ್ಲ. ಫಿಟ್ ಎಷ್ಟು ಹೊಂದಿತು ಅಂತ ಹೇಳುವ ಕೈ-ಸ್ಕ್ವೇರ್ ಒಂದರ ಹತ್ತಿರ ಬಂತು ಅಂತ ಕುಣಿಯಬೇಡ. ಪ್ಯಾರಾದ ಆಯುಸ್ಸು ಸುಮಾರು 125 ಪಿಕೋಸೆಕೆಂಡಿನ ಆಸುಪಾಸಿನಲ್ಲಿದೆಯೇ, ಸೋರ್ಸಿನ ಪಾಲು ಸರಿಯಾಗಿ ಕಳೆದಿದ್ದೀಯಾ, ಶುರುವಿನ ಊಹೆ ಬದಲಿಸಿದರೂ ಅದೇ ಉತ್ತರ ಬರುತ್ತದೆಯೇ, ಇಷ್ಟು ನೋಡು. ಆಮೇಲೆ ಆಯುಸ್ಸಿನಿಂದ ತ್ರಿಜ್ಯ ತೆಗೆಯುವ ತಾವೋ ಮತ್ತು ಎಲ್ಡ್ರಪ್ ಅವರ ಸೂತ್ರಕ್ಕೆ ಹೋಗು. ತೂತು ಗುಂಡಗಿದೆ, ಗೋಡೆಗೆ 0.1656 ನ್ಯಾನೋಮೀಟರ್ ದಪ್ಪದ ಎಲೆಕ್ಟ್ರಾನ್ ಪದರ ಇದೆ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಆಯುಸ್ಸು ಎರಡು ನ್ಯಾನೋಸೆಕೆಂಡ್ ಆದರೆ ತ್ರಿಜ್ಯ ಸುಮಾರು 0.29 ನ್ಯಾನೋಮೀಟರ್. ಒಳ್ಳೆಯ ಸೂತ್ರ, ನಂಬಬಹುದು. ಆದರೆ ಎಪಾಕ್ಸಿಯೊಳಗಿನ ತೂತು ಯಾವುದೂ ಗುಂಡಗಿಲ್ಲ, ಎಲ್ಲವೂ ಒಂದೇ ಗಾತ್ರವೂ ಅಲ್ಲ. ಅದರಿಂದ ಬರುವುದು ಒಂದು ಸರಾಸರಿ. ಆಯುಸ್ಸನ್ನು ಬರೆಯದೆ ಬರೀ ತ್ರಿಜ್ಯ ಬರೆದು ಪೇಪರ್ ಕಳಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತೆ. ನಾಳೆ ಇನ್ನೂ ಒಳ್ಳೆಯ ಸೂತ್ರ ಬಂದರೆ ಅವರ ಕೆಲಸವನ್ನು ಯಾರು ಹೇಗೆ ಬಳಸಿಕೊಳ್ಳಬೇಕು?

ಹೆಚ್ಚು ಜನ ಜಾರಿಬೀಳುವ ಜಾಗ ಇನ್ನೊಂದಿದೆ. ಆರ್ಥೋ ಎಷ್ಟು ಶೇಕಡ ಹುಟ್ಟಿತು ಅನ್ನುವ ಅಂಕಿಯನ್ನು ಐ-ತ್ರೀ ಅನ್ನುತ್ತಾರೆ. ಅದನ್ನು ತೂತುಗಳ ಸಂಖ್ಯೆ ಅಂತ ಓದುವ ಚಾಳಿ ಬಹಳ ಹಳೆಯದು. ತೂತಿನ ಗಾತ್ರಕ್ಕೆ ಐ-ತ್ರೀ ಗುಣಿಸಿ, 0.0018 ಗುಣಿಸಿ, ಇದೇ ಫ್ರೀ ವಾಲ್ಯೂಮಿನ ಭಾಗ ಅಂದುಬಿಡುವುದು. ಆ 0.0018 ಎಪಾಕ್ಸಿಯೊಂದಕ್ಕೆ ಹೊಂದಿಸಿ ಪಡೆದ ಸಂಖ್ಯೆ ಮಗೂ, ಊರಿಗೆಲ್ಲ ಹಂಚಲು ಬಂದದ್ದಲ್ಲ. ಟೈರಿನ ರಬ್ಬರ್ ತೆಗೆದುಕೋ. ನೂರು ಭಾಗ ರಬ್ಬರಿಗೆ ಐವತ್ತು ಭಾಗ ಕಾರ್ಬನ್ ಬ್ಲ್ಯಾಕ್ ಸೇರಿಸಿ ಅಳೆ. ಐ-ತ್ರೀ ಕುಸಿಯುತ್ತೆ. ಕಪ್ಪು ಪುಡಿ ತೂತು ಮುಚ್ಚಿತು ಅಂತ ಬರೆಯಲು ಕೈ ತುರಿಸುತ್ತೆ. ನಿಜ ಏನು? ಕಾರ್ಬನ್ನಿನೊಳಗೆ ಇಳಿದ ಪಾಸಿಟ್ರಾನಿಗೆ ಅಲ್ಲಿ ಪಾಸಿಟ್ರೋನಿಯಂ ಆಗುವ ಯೋಗವೇ ಇಲ್ಲ. ಲೆಕ್ಕಕ್ಕೆ ಸಿಗುವ ಪಾಸಿಟ್ರಾನ್‌ಗಳೇ ಕಡಿಮೆಯಾದವು. ರಬ್ಬರಿನ ಪಾಡಿಗೆ ರಬ್ಬರಿನ ತೂತು ಇದ್ದ ಹಾಗೇ ಇರಬಹುದು. ನೈಟ್ರೋ ಗುಂಪಿರುವ ಅಣುಗಳೂ ಹೀಗೇ, ಪಾಸಿಟ್ರೋನಿಯಂ ಹುಟ್ಟುವ ಮುಂಚೆಯೇ ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತವೆ. ಐ-ತ್ರೀ ಇಳಿದಾಗಲೆಲ್ಲ ಮೊದಲು ರಸಾಯನಶಾಸ್ತ್ರದವರ ಬಾಗಿಲು ತಟ್ಟು. ಪಕ್ಕದ ಡಿಪಾರ್ಟ್‌ಮೆಂಟಿಗೆ ಹೋಗಿ ಕೇಳಿದರೆ ನಿನ್ನ ಮರ್ಯಾದೆ ಏನೂ ಕಡಿಮೆಯಾಗುವುದಿಲ್ಲ.

ಎಪಾಕ್ಸಿಯ ವಿಷಯದಲ್ಲಿ ಇನ್ನೂ ಸೊಗಸಾದ ಪಾಠವಿದೆ. ಅಡ್ಡಕೊಂಡಿ ಹೆಚ್ಚಾದರೆ ಸರಪಳಿಗಳು ಹತ್ತಿರ ಬರುತ್ತವೆ, ತೂತು ಕಿರಿದಾಗುತ್ತೆ. ಇದು ನಿನಗೆ ತೋಚುವ ಮಾತು, ರಬ್ಬರಿನಲ್ಲಿ ಅಳೆದರೆ ಬರುವುದೂ ಹಾಗೇ. ಈಗ ಎಪಾಕ್ಸಿಯನ್ನು ಹೆಚ್ಚು ಹೆಚ್ಚು ಕ್ಯೂರ್ ಮಾಡಿ, ಅಂದರೆ ಕೊಂಡಿ ಹೆಚ್ಚಿಸಿ, ಪ್ರತಿ ಸಲವೂ ತಣಿಸಿ, ರೂಮಿನ ಉಷ್ಣತೆಯಲ್ಲಿ ಸಾಂದ್ರತೆ ಅಳೆ. ಒಂದು ಹಂತದ ಮೇಲೆ ಸಾಂದ್ರತೆ ಇಳಿಯತೊಡಗುತ್ತೆ. ಕೊಂಡಿ ಹೆಚ್ಚಿತು, ಖಾಲಿ ಜಾಗವೂ ಹೆಚ್ಚಿತು! ಇಂಥದ್ದು ಕಂಡಾಗ ಆತುರದವರು ಸ್ಯಾಂಪಲ್ ಕೆಟ್ಟಿದೆ ಅಂತ ಎಸೆಯುತ್ತಾರೆ. ನೀನು ಎಸೆಯಬೇಡ, ಯೋಚನೆ ಮಾಡು. ಕೊಂಡಿ ಹೆಚ್ಚಾದಷ್ಟೂ ಗಾಜಿನ ಹಾಗೆ ಬಿಗಿದುಕೊಳ್ಳುವ ಉಷ್ಣತೆ, ನೀವೆಲ್ಲ ಟಿಜಿ ಅನ್ನುತ್ತೀರಲ್ಲ, ಅದು ಮೇಲಕ್ಕೆ ಹೋಗುತ್ತೆ. ಓವನ್ನಿನಿಂದ ಇಳಿಯುವಾಗ ಅಂಥ ಬಲೆ ಬಿಸಿಯಲ್ಲೇ ಬಿಗಿದು ನಿಂತುಬಿಡುತ್ತೆ. ಆಮೇಲೆ ತಣ್ಣಗಾದರೂ ಕುಗ್ಗುವ ಶಕ್ತಿ ಅದಕ್ಕಿಲ್ಲ. ಕಡಿಮೆ ಕೊಂಡಿಯದು ಇನ್ನೂ ಕೆಳಗಿನವರೆಗೂ ಕುಗ್ಗುತ್ತಲೇ ಬರುತ್ತೆ. ಅದಕ್ಕೇ ಬರೀ ರೂಮಿನ ಉಷ್ಣತೆಯಲ್ಲಿ ಅಳೆದು ಎರಡು ಎಪಾಕ್ಸಿಯನ್ನು ಹೋಲಿಸುವುದು ನ್ಯಾಯವಲ್ಲ. ಉಷ್ಣತೆ ಏರಿಸುತ್ತಾ ಹೋಗಿ ಆಯುಸ್ಸು ಅಳೆ. ಗೆರೆ ಮೆಲ್ಲಗೆ ಏರುತ್ತಾ ಇದ್ದದ್ದು ಟಿಜಿಯ ಹತ್ತಿರ ಮೊಣಕೈ ಮಡಿಸಿ ಕಡಿದಾಗಿ ಏರತೊಡಗುತ್ತೆ. ಎರಡೂ ಸ್ಯಾಂಪಲ್ಲುಗಳ ಆ ಮಡಿಕೆಯನ್ನು ಪಕ್ಕಪಕ್ಕ ಇಟ್ಟು ನೋಡು, ಆಗ ಮಾತಾಡು.

ಪುಸ್ತಕದ ಫ್ರೀ ವಾಲ್ಯೂಮಿಗೂ ನಿನ್ನದಕ್ಕೂ ತಾಳೆಯಾಗದಿದ್ದರೆ ಗಾಬರಿಯಾಗಬೇಡ. 1955ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್, ಫೆರ್ರಿ ಮೂವರೂ ಸ್ನಿಗ್ಧತೆಯ ಲೆಕ್ಕದಿಂದ ಟಿಜಿಯಲ್ಲಿ ಫ್ರೀ ವಾಲ್ಯೂಮಿನ ಭಾಗ 0.025 ಅಂದರು. 1962ರಲ್ಲಿ ಸಿಂಹ ಮತ್ತು ಬಾಯರ್ ಹಿಗ್ಗುವಿಕೆಯ ಲೆಕ್ಕದಿಂದ 0.113 ಅಂದರು. ಎರಡು ಕಡೆಯವರೂ ಸುಳ್ಳು ಹೇಳಲಿಲ್ಲ, ಎಣಿಸಿದ್ದು ಬೇರೆ ಬೇರೆ ಖಾಲಿಯನ್ನು. ನಿನ್ನದು ಪಾಸಿಟ್ರೋನಿಯಂ ಹೊಕ್ಕು ಕೂರಬಲ್ಲಷ್ಟು ಖಾಲಿ. ಅದನ್ನು ಮೊದಲ ಪುಟದಲ್ಲೇ ಹೇಳು.

ಈ ವಿದ್ಯೆ ನಮ್ಮಲ್ಲಿ ಹೊಸದೇನಲ್ಲ. ಮೈಸೂರಿನ ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲಿ ಪಾಲಿಮರುಗಳ ಫ್ರೀ ವಾಲ್ಯೂಮನ್ನು ಪಾಸಿಟ್ರಾನ್ ಬಿಟ್ಟು ಅಳೆಯುವ ಕೆಲಸ ದಶಕಗಳಿಂದ ನಡೆದುಬಂದಿದೆ. ಹಳೆಯ ಥೀಸಿಸ್‌ಗಳನ್ನು ತೆಗೆದು ಓದು. ಅವುಗಳ ಕೊನೆಯ ಅಧ್ಯಾಯಕ್ಕಿಂತ ಎರಡನೆಯದು, ಪ್ರಯೋಗ ಹೇಗೆ ಮಾಡಿದೆವು ಅನ್ನುವ ಅಧ್ಯಾಯ, ನಿನಗೆ ಹೆಚ್ಚು ಕೆಲಸಕ್ಕೆ ಬರುತ್ತೆ. ನೀನು ಅದನ್ನೇ ಹಾರಿಸಿ ಓದುತ್ತೀಯ ಅನ್ನುವುದೂ ನನಗೆ ಗೊತ್ತು.

ಇದರಿಂದ ಯಾರಿಗೆ ಏನು ಅಂತ ಮನೆಯಲ್ಲಿ ಕೇಳಿದರೆ ಕೋಲಾರದ ಕಡೆಯ ಯಾವುದಾದರೂ ಹಳ್ಳಿಯ ಶುದ್ಧ ನೀರಿನ ಘಟಕ ತೋರಿಸು. ಬೋರ್‌ವೆಲ್ಲಿನ ಫ್ಲೋರೈಡ್ ನೀರು ಅಲ್ಲಿ ಆರ್‌ಓ ಪೊರೆ ಹಾಯ್ದು ಕ್ಯಾನಿಗೆ ಬರುತ್ತೆ. ಆ ಪೊರೆಯ ಕೆಲಸದ ಪದರ ಕ್ರಾಸ್‌ಲಿಂಕ್ ಆದ ಪಾಲಿಅಮೈಡ್, ದಪ್ಪ ನೂರಿನ್ನೂರು ನ್ಯಾನೋಮೀಟರ್ ಅಷ್ಟೇ. ನೀರನ್ನು ಬಿಟ್ಟು ಉಪ್ಪನ್ನು ತಡೆಯುವುದರಲ್ಲಿ ಅದರೊಳಗಿನ ತೂತಿನ ಗಾತ್ರಕ್ಕೆ ದೊಡ್ಡ ಪಾಲಿದೆ. ನಮ್ಮ ಸೋಡಿಯಂ-22 ಪಾಸಿಟ್ರಾನ್ ಅಂಥ ಪದರದಲ್ಲಿ ನಿಲ್ಲದೆ ಆಚೆಗೆ ಹೋಗಿಬಿಡುತ್ತೆ. ಅದಕ್ಕೆ ವೇಗ ತಗ್ಗಿಸಿದ ಪಾಸಿಟ್ರಾನ್ ಕಿರಣ ಬೇಕು, ಶಕ್ತಿಯನ್ನು ಬೇಕಾದ ಆಳಕ್ಕೆ ತಕ್ಕಂತೆ ಹೊಂದಿಸಬೇಕು. ಅಂಥ ಯಂತ್ರ ಇರುವ ಕಡೆಗೂ ನೀನು ಒಂದು ದಿನ ಹೋಗುತ್ತೀಯ, ನನಗೆ ಅನುಮಾನವಿಲ್ಲ. ಹೋದಾಗಲೂ ತುಂಡು ಒಣಗಿಸುವುದು ನೀನೇ.

ಕೊನೆಗೆ ಒಂದು ಲೆಕ್ಕ ಹೇಳಿ ಬಿಡುತ್ತೇನೆ. ಸೋಡಿಯಂ-22ರ ಅರ್ಧಾಯು 2.6 ವರ್ಷ. ಈಗ ಕೈಗೆ ಬಂದ ಹೊಸ ಸೋರ್ಸ್, ನಿನ್ನ ಪಿಎಚ್‌.ಡಿ ಐದು ವರ್ಷ ಎಳೆದರೆ, ಕಾಲು ಭಾಗದಷ್ಟು ಉಳಿಯುತ್ತೆ. ಈಗ ಮೂರು ಗಂಟೆ ತೆಗೆದುಕೊಳ್ಳುವ ಎಣಿಕೆಗೆ ಆಗ ಹನ್ನೆರಡು ಗಂಟೆ. ಉಷ್ಣತೆ ಏರಿಸುತ್ತಾ ಅಳೆಯುವ ಉದ್ದ ಸರಣಿಗಳನ್ನೆಲ್ಲ ಮೊದಲ ಎರಡು ವರ್ಷಕ್ಕೇ ಹಾಕಿಕೋ. ರೂಮಿನ ಉಷ್ಣತೆಯ ಬಿಡಿ ಅಳತೆಗಳು ಆಮೇಲಿಗಿರಲಿ. ಈಗ ಏಳು, ಮಳೆ ಬರುವ ಹಾಗಿದೆ, ಮೊದಲು ಆ ಸಿಲಿಕಾ ಜೆಲ್ಲಿನ ಬಣ್ಣ ನೋಡಿಕೊಂಡು ಬಾ.